ಲೇಓವರ್‌ನಲ್ಲಿ ಕೆಲಸ ಮುಗಿಸಬೇಕಾ? ಏರ್‌ಪೋರ್ಟ್ ಲಾಂಜ್ ಆರಿಸುವ ಬಗೆ, ನಮ್ಮ ಕಡೆಯಿಂದ ಹೊರಡುವವರಿಗೆ

ಬೆಳಗಿನ ಜಾವ ನಾಲ್ಕಕ್ಕೆ ಶಿರಸಿಯಲ್ಲಿ ಮನೆ ಬಿಟ್ಟರೆ ಹುಬ್ಬಳ್ಳಿ ವಿಮಾನ ನಿಲ್ದಾಣ ಮುಟ್ಟುವಾಗ ಬೆಳಕು ಹರಿದಿರುತ್ತದೆ. ಸುಮಾರು 100 ಕಿಲೋಮೀಟರ್ ದಾರಿ. ಕಾರವಾರದವರು ಕಾಳಿ ಸೇತುವೆ ದಾಟಿ, ಗೋವಾ ಗಡಿ ದಾಟಿ, ಮಡಗಾಂವ್ ಮೇಲೆ ದಾಬೋಳಿ ನಿಲ್ದಾಣಕ್ಕೆ ಹೋಗಬೇಕು. ಗೋವಾದ ಇನ್ನೊಂದು ನಿಲ್ದಾಣ ಮೋಪಾ ಅಂದರೆ ಅಲ್ಲಿಂದಲೂ ಮುಂದೆ. ಭಟ್ಕಳದವರಿಗೆ ಮಂಗಳೂರು ಅನುಕೂಲ, ಆದರೂ ಎರಡು–ಮೂರು ತಾಸು ಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ತನ್ನದೇ ನಾಗರಿಕ ವಿಮಾನ ನಿಲ್ದಾಣ ಇಲ್ಲವಲ್ಲ.

ಇಷ್ಟೆಲ್ಲ ಆದ ಮೇಲೂ ದೂರದ ಊರಿಗೆ ನೇರ ವಿಮಾನ ಸಿಗುವುದು ಕಡಿಮೆ. ಬೆಂಗಳೂರು, ಮುಂಬೈ, ಹೈದರಾಬಾದ್, ದೋಹಾ, ದುಬೈ, ಎಲ್ಲಾದರೂ ಒಂದು ಕಡೆ ಮುಂದಿನ ವಿಮಾನಕ್ಕೆ ಮೂರ್ನಾಲ್ಕು ತಾಸು ಕಾಯಲೇಬೇಕು. ಲೇಓವರ್ ಅಂದರೆ ಇದೇ. ಮನೆಯಿಂದ ಕೆಲಸ ಮಾಡುವ ನನ್ನಂಥವರಿಗೆ ಆ ದಿನ ಕೈಗೆ ಸಿಗುವ ಕೆಲಸದ ಹೊತ್ತು ಅಂದರೆ ಅದೊಂದೇ.

ಕುಮಟಾದಲ್ಲಿರುವ ಅಕ್ಕನ ಮಗಳು ಕಳೆದ ತಿಂಗಳು ಫೋನ್ ಮಾಡಿದ್ದಳು. ದೆಹಲಿಗೆ ಹೋಗುವ ದಾರಿಯಲ್ಲಿ ಬೆಂಗಳೂರಿನಲ್ಲಿ ನಾಲ್ಕು ತಾಸು ಲೇಓವರ್, ಅದರ ನಡುವೆಯೇ ಅವಳಿಗೆ ಆನ್‌ಲೈನ್ ಇಂಟರ್‌ವ್ಯೂ.

"ಚಿಕ್ಕಮ್ಮಾ, ಲಾಂಜ್ ಅಂದ್ರೆ ಊಟಕ್ಕೆ ಅಲ್ವಾ?" ಅಂದಳು.

"ಊಟಕ್ಕೂ ಹೌದು. ಆದ್ರೆ ನೀನು ಅಲ್ಲಿ ಕೂತು ಮಾತಾಡ್ಬೇಕಲ್ಲ, ಅದಕ್ಕೆ ಬೇರೆ ಲೆಕ್ಕ ನೋಡ್ಬೇಕು" ಅಂದೆ.

ಆ ಲೆಕ್ಕವನ್ನೇ ಇಲ್ಲಿ ವಿವರವಾಗಿ ಬರೆದಿದ್ದೇನೆ. ಲಾಂಜ್ ಅಂದರೆ ನಿಲ್ದಾಣದೊಳಗೆ ಕಾರ್ಡ್ ಇದ್ದವರಿಗೋ ದುಡ್ಡು ಕೊಟ್ಟವರಿಗೋ ಇರುವ ಪ್ರತ್ಯೇಕ ವಿಶ್ರಾಂತಿ ಕೊಠಡಿ. ಅದರ ಬಗ್ಗೆ ಬರುವ ಮಾತೆಲ್ಲ ಊಟ, ಸೋಫಾ, ಅಲಂಕಾರದ ಸುತ್ತಲೇ ಇರುತ್ತದೆ. ಕೆಲಸ ಮಾಡುವವರು ನೋಡಬೇಕಾದ್ದು ಬೇರೆ.

ಮೊದಲನೆಯದು: ಅಲ್ಲಿ ಕೂತು ಮಾಡುವ ಕೆಲಸ ಯಾವುದು?

ಲಾಂಜ್ ಹುಡುಕುವ ಮೊದಲೇ ಇದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. "ಸ್ವಲ್ಪ ಕೆಲಸ ಮಾಡೋಣ" ಅಂತ ಹೊರಟರೆ ಏನೂ ಆಗುವುದಿಲ್ಲ. ನಾಲ್ಕು ಮೇಲ್ ನೋಡುವಷ್ಟರಲ್ಲಿ ಗೇಟಿಗೆ ಹೊರಡುವ ಹೊತ್ತಾಗುತ್ತದೆ.

ವಿಡಿಯೋ ಕಾಲ್ ಇದ್ದರೆ ಸದ್ದಿಲ್ಲದ ಮೂಲೆ ಮತ್ತು ಒಳ್ಳೆಯ ಅಪ್‌ಲೋಡ್ ವೇಗ ಬೇಕು. ವರದಿ ಬರೆಯುವುದು, ಲೆಕ್ಕಪತ್ರ ನೋಡುವುದು ಅಂದರೆ ಸರಿಯಾದ ಎತ್ತರದ ಮೇಜು ಬೇಕು, ನೆಟ್ ಸಾಧಾರಣ ಇದ್ದರೂ ನಡೆಯುತ್ತದೆ. ದೊಡ್ಡ ಫೈಲ್ ಕಳಿಸುವುದಷ್ಟೇ ಇದ್ದರೆ ಮೇಜೂ ಬೇಡ, ನೆಟ್ ಮತ್ತು ಪ್ಲಗ್ ಸಾಕು. ಬರೀ ಮೇಲ್‌ಗೆ ಉತ್ತರ ಬರೆಯುವುದಾದರೆ ಲಾಂಜೇ ಬೇಡ, ಗೇಟಿನ ಹತ್ತಿರದ ಕುರ್ಚಿ ಸಾಕು.

ಇವುಗಳಲ್ಲಿ ಒಂದನ್ನು ಮುಖ್ಯ ಅಂತ ಇಟ್ಟುಕೊಳ್ಳಿ. ಎಲ್ಲವೂ ಚೆನ್ನಾಗಿರುವ ಲಾಂಜ್ ನನಗಂತೂ ಇನ್ನೂ ಸಿಕ್ಕಿಲ್ಲ.

ಎರಡನೆಯದು: ಕೈಗೆ ನಿಜವಾಗಿ ಎಷ್ಟು ಹೊತ್ತು ಸಿಗುತ್ತದೆ?

ಟಿಕೆಟ್‌ನಲ್ಲಿ ನಾಲ್ಕು ತಾಸು ಅಂತ ಇದ್ದರೆ ಕೆಲಸಕ್ಕೆ ನಾಲ್ಕು ತಾಸು ಸಿಕ್ಕಿತು ಅಂತಲ್ಲ. ಒಂದು ಉದಾಹರಣೆ ನೋಡೋಣ. ವಿಮಾನ 11:10ಕ್ಕೆ ಇಳಿಯುತ್ತದೆ, ಮುಂದಿನದು 3:00ಕ್ಕೆ ಹಾರುತ್ತದೆ ಅಂದುಕೊಳ್ಳಿ. ಸಾಮಾನು ನೇರ ಮುಂದಿನ ಊರಿಗೆ ಹೋಗುತ್ತದೆ, ಎರಡೂ ವಿಮಾನ ಒಂದೇ ಟರ್ಮಿನಲ್. ಆದರೂ ವಿಮಾನದಿಂದ ಹೊರಬರುವಾಗ 11:30. ಟ್ರಾನ್ಸ್‌ಫರ್ ದಾರಿಯಲ್ಲಿ ಮತ್ತೆ ಸೆಕ್ಯೂರಿಟಿ ದಾಟುವಾಗ 12:00. ಲಾಂಜ್ ಹುಡುಕಿ ಒಳಗೆ ಕೂರುವಾಗ 12:15. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಹೊರಡುವ 25 ನಿಮಿಷ ಮೊದಲೇ ಗೇಟ್ ಮುಚ್ಚುತ್ತಾರೆ. ಅಂದರೆ 2:35. ಗೇಟಿಗೆ ನಡೆಯಲು ಕಾಲು ತಾಸು, ಶೌಚಾಲಯಕ್ಕೆ ಐದು ನಿಮಿಷ. 2:10ಕ್ಕೆ ಎದ್ದರೆ ನಿಶ್ಚಿಂತೆ. ಕೊನೆಗೆ ಉಳಿದದ್ದು ಎರಡು ತಾಸಿಗೂ ಐದು ನಿಮಿಷ ಕಮ್ಮಿ.

ಎರಡು ಬೇರೆ ಬೇರೆ ಟಿಕೆಟ್ ಮಾಡಿಸಿದ್ದರೆ ಸಾಮಾನು ತೆಗೆದುಕೊಂಡು ಹೊರಗೆ ಬಂದು ಮತ್ತೆ ಚೆಕ್‌ಇನ್ ಮಾಡಬೇಕಾಗಿ ಬರಬಹುದು. ಅದಕ್ಕೆ ಇನ್ನೂ ಒಂದು ತಾಸು ಕಳೆಯಿರಿ. ವಿದೇಶದಿಂದ ಬಂದು ದೇಶದೊಳಗಿನ ವಿಮಾನ ಹಿಡಿಯುವವರು ಮೊದಲು ಇಳಿದ ಊರಿನಲ್ಲೇ ಇಮಿಗ್ರೇಶನ್, ಸಾಮಾನು, ಕಸ್ಟಮ್ಸ್ ಎಲ್ಲ ಮುಗಿಸಬೇಕು. ಗಲ್ಫ್‌ನಿಂದ ಮುಂಬೈ ಮೇಲೆ ಗೋವಾಕ್ಕೋ ಹುಬ್ಬಳ್ಳಿಗೋ ಬರುವವರಿಗೆ ಇದು ಗೊತ್ತೇ ಇದೆ.

ಲೇಓವರ್ ಎರಡು ತಾಸಿಗಿಂತ ಕಮ್ಮಿ ಇದ್ದರೆ ಲಾಂಜ್ ಯೋಚನೆ ಬಿಟ್ಟುಬಿಡಿ ಅಂತಲೇ ನನ್ನ ಸಲಹೆ. ಓಡುತ್ತ ಹೋಗಿ ಕೂತು ಅರ್ಧ ತಾಸಿಗೆ ಎದ್ದು ಬಂದರೆ ಕೆಲಸವೂ ಇಲ್ಲ, ಸಮಾಧಾನವೂ ಇಲ್ಲ.

ಮೂರನೆಯದು: ಯಾವ ಟರ್ಮಿನಲ್, ಯಾವ ಕಡೆ?

ಚೆನ್ನಾಗಿದೆ ಅಂತ ಕೇಳಿದ ಲಾಂಜ್ ನೀವು ಹೋಗಲಾಗದ ಕಡೆ ಇರಬಹುದು. ತುಂಬ ಜನ ಎಡವುವುದು ಇಲ್ಲೇ.

ಬೆಂಗಳೂರಿನಲ್ಲಿ ಟಿ1, ಟಿ2 ಎರಡು ಟರ್ಮಿನಲ್ ಇವೆ. ಬಿದಿರಿನ ಅಲಂಕಾರದ ಹೊಸ ಟಿ2 ಉದ್ಘಾಟನೆಯಾದದ್ದು 2022ರ ನವೆಂಬರ್‌ನಲ್ಲಿ. 2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳೂ ಅಲ್ಲಿಂದಲೇ ಹೊರಡುತ್ತಿವೆ. ಎರಡರ ನಡುವೆ ಉಚಿತ ಬಸ್ ಓಡುತ್ತದೆ. ಆದರೆ ಟರ್ಮಿನಲ್ ಬದಲಾದರೆ ಮತ್ತೆ ಸೆಕ್ಯೂರಿಟಿ ಸಾಲು ತಪ್ಪಿದ್ದಲ್ಲ. ಲಾಂಜ್ ಅನ್ನು ಯಾವಾಗಲೂ ಮುಂದಿನ ವಿಮಾನ ಹೊರಡುವ ಟರ್ಮಿನಲ್‌ನಲ್ಲೇ ಆರಿಸಿ. ಇಳಿದ ಕಡೆ ಕೂರಬೇಡಿ.

ಮುಂಬೈಯಲ್ಲಿ ಇದು ಇನ್ನೂ ಮುಖ್ಯ. ಟಿ1 ಸಾಂತಾಕ್ರೂಜ್ ಕಡೆ, ಟಿ2 ಸಹಾರ್ ಕಡೆ. ನಡುವೆ ಊರಿನ ರಸ್ತೆ, ಮುಂಬೈ ಟ್ರಾಫಿಕ್. ದೆಹಲಿಯಲ್ಲೂ ಟಿ1 ಮತ್ತು ಟಿ3 ನಡುವೆ ಕೆಲವು ಕಿಲೋಮೀಟರ್ ದೂರ. ಹೈದರಾಬಾದಿನಲ್ಲಿ ಒಂದೇ ಟರ್ಮಿನಲ್ ಇರುವುದರಿಂದ ನನಗೆ ಅದು ಇಷ್ಟ. ದೋಹಾದ ಹಮದ್ ನಿಲ್ದಾಣದಲ್ಲೂ ಒಂದೇ ಟರ್ಮಿನಲ್. ದುಬೈಯಲ್ಲಿ ಮೂರು, ಅದರಲ್ಲಿ ಟಿ2 ಇರುವುದು ರನ್‌ವೇಗಳ ಆಚೆ ಬದಿಗೆ.

ಇನ್ನೊಂದು ವಿಷಯ. ದೇಶದೊಳಗಿನ ಪ್ರಯಾಣಕ್ಕೆ ಅಂತರರಾಷ್ಟ್ರೀಯ ವಿಭಾಗದ ಲಾಂಜ್ ಸಿಗುವುದಿಲ್ಲ. ಅದು ಇಮಿಗ್ರೇಶನ್ ಆಚೆ ಇರುತ್ತದೆ. ನಿಲ್ದಾಣದ ವೆಬ್‌ಸೈಟ್‌ನಲ್ಲಿ ಲಾಂಜ್ ಹೆಸರಿನ ಜೊತೆ ಡೊಮೆಸ್ಟಿಕ್ ಅಂತ ಇದೆಯಾ, ಯಾವ ಗೇಟಿನ ಹತ್ತಿರ ಅಂತ ಬರೆದಿದೆಯಾ, ನೋಡಿಕೊಳ್ಳಿ.

ಗೋವಾದಿಂದ ಹೊರಡುವವರು ಟಿಕೆಟ್ ಮೇಲಿನ ಕೋಡ್ ಎರಡು ಸಲ ಓದಿ. ಜಿಒಐ ಅಂದರೆ ದಾಬೋಳಿ, ಜಿಒಎಕ್ಸ್ ಅಂದರೆ ಮೋಪಾ. ಕಾರವಾರದಿಂದ ದಾಬೋಳಿಗೆ ಹೋಗಿ ನಿಂತು, ವಿಮಾನ ಮೋಪಾದಿಂದ ಅಂತ ಗೊತ್ತಾದರೆ ಆಮೇಲೆ ಲಾಂಜ್ ಮಾತೇ ಬರುವುದಿಲ್ಲ.

ನಾಲ್ಕನೆಯದು: ಒಳಗೆ ಬಿಡುತ್ತಾರಾ?

ನಮ್ಮಲ್ಲಿ ಹೆಚ್ಚಿನವರು ಲಾಂಜಿಗೆ ಹೋಗುವುದು ಬ್ಯಾಂಕ್ ಕಾರ್ಡ್ ಮೇಲೆ. ರುಪೇ ಪ್ಲಾಟಿನಂ, ಸೆಲೆಕ್ಟ್ ತರಹದ ಕೆಲವು ಡೆಬಿಟ್ ಕಾರ್ಡ್‌ಗಳಿಗೂ ಈ ಸೌಲಭ್ಯ ಇದೆ. ಕಾರ್ಡ್ ಉಜ್ಜಿದಾಗ ಎರಡು ರೂಪಾಯಿಯಂಥ ಸಣ್ಣ ಮೊತ್ತ ಕಡಿತವಾಗುತ್ತದೆ, ಗಾಬರಿ ಬೇಡ.

ಆದರೆ ನಿಯಮಗಳು ಈಚೆಗೆ ಬಿಗಿಯಾಗಿವೆ. ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿದ್ದರೆ ಮಾತ್ರ ಲಾಂಜ್ ಅಂತ ಅನೇಕ ಬ್ಯಾಂಕ್‌ಗಳು ಷರತ್ತು ಹಾಕಿವೆ. ತುಂಬ ಕಾರ್ಡ್‌ಗಳ ಲಾಂಜ್ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಡ್ರೀಮ್‌ಫೋಕ್ಸ್ ಕಂಪನಿ 2025ರ ಸೆಪ್ಟೆಂಬರ್‌ನಲ್ಲಿ ದೇಶದೊಳಗಿನ ಲಾಂಜ್ ಸೇವೆ ನಿಲ್ಲಿಸಿತು. ಆಮೇಲೆ ಎಷ್ಟೋ ಕಾರ್ಡ್‌ಗಳ ಪದ್ಧತಿಯೇ ಬದಲಾಯಿತು. ಹೋದ ವರ್ಷ ಬಿಟ್ಟಿದ್ದರು, ಈ ವರ್ಷವೂ ಬಿಡುತ್ತಾರೆ ಅಂತ ನಂಬಿಕೊಂಡು ಹೋಗಬೇಡಿ. ಹೊರಡುವ ಹಿಂದಿನ ದಿನ ಬ್ಯಾಂಕಿನ ಆ್ಯಪ್ ತೆರೆದು ಮೂರು ಸಂಗತಿ ನೋಡಿ: ನಿಮಗೆ ಈ ತ್ರೈಮಾಸಿಕದಲ್ಲಿ ಲಾಂಜ್ ಉಳಿದಿದೆಯಾ, ಪಟ್ಟಿಯಲ್ಲಿ ಆ ಟರ್ಮಿನಲ್ ಲಾಂಜ್ ಇದೆಯಾ, ಒಳಗೆ ಹೋಗಲು ಕಾರ್ಡ್ ಉಜ್ಜಬೇಕಾ ಅಥವಾ ಆ್ಯಪ್‌ನಿಂದ ಕ್ಯೂಆರ್ ಕೋಡ್ ತೆಗೆಯಬೇಕಾ. ಕ್ಯೂಆರ್ ಆದರೆ ಮೊದಲೇ ತೆಗೆದಿಟ್ಟುಕೊಳ್ಳಿ. ಸಾಲಿನಲ್ಲಿ ನಿಂತು ಒಟಿಪಿ ಕಾಯುವುದು ಬೇಡ.

ಸಮಯದ ಮಿತಿಯನ್ನೂ ಕೇಳಿ. ಅನೇಕ ಲಾಂಜ್‌ಗಳಲ್ಲಿ ಎರಡು ಅಥವಾ ಮೂರು ತಾಸು ಮಾತ್ರ ಕೂರಬಹುದು. ಕೆಲವು ಕಡೆ ವಿಮಾನ ಹೊರಡುವ ಮೂರು ತಾಸಿನ ಒಳಗೆ ಬಂದರಷ್ಟೇ ಪ್ರವೇಶ. ಲೇಓವರ್ ಆರು ತಾಸು ಇದ್ದರೆ ಮೊದಲ ಅರ್ಧ ಹೊರಗೆ ಸಣ್ಣಪುಟ್ಟ ಕೆಲಸ ಮಾಡಿ, ಕಾಲ್ ಇರುವ ಹೊತ್ತಿಗೆ ಒಳಗೆ ಹೋಗುವ ಹಾಗೆ ಜೋಡಿಸಿಕೊಳ್ಳಿ. ದುಡ್ಡು ಕೊಟ್ಟು ಹೋಗುವುದಾದರೆ ಆ ದುಡ್ಡಿಗೆ ಮೇಜು, ಪ್ಲಗ್, ನೆಟ್ ಮೂರೂ ಖಚಿತವಾಗಿ ಸಿಗುತ್ತದೆ ಅನ್ನಿಸಿದರೆ ಮಾತ್ರ ಕೊಡಿ. ಊಟ ಹೊರಗೂ ಸಿಗುತ್ತದೆ.

ಐದನೆಯದು: ಮನೆಯಲ್ಲೇ ಕೂತು ಫೋಟೋ ನೋಡಿ

ಲಾಂಜಿನವರೇ ಹಾಕಿದ ಫೋಟೋ ನಂಬಬೇಡಿ. ಅದರಲ್ಲಿ ಒಬ್ಬರೂ ಇರುವುದಿಲ್ಲ. ಗೂಗಲ್ ಮ್ಯಾಪ್ಸ್‌ನಲ್ಲಿ ಪ್ರಯಾಣಿಕರು ಈಚೆಗೆ ಹಾಕಿದ ಫೋಟೋ ನೋಡಿ. ಊಟದ ತಟ್ಟೆ ಹಿಡಿದು ತೆಗೆದ ಫೋಟೋದಲ್ಲೂ ಹಿಂದೆ ಕುರ್ಚಿ ಕಾಣಿಸುತ್ತದೆ, ಅಲ್ವಾ? ಮೊಣಕಾಲಿನ ಎತ್ತರದ ಟೀಪಾಯ್ ಮಾತ್ರ ಇದ್ದರೆ ಅಲ್ಲಿ ಲ್ಯಾಪ್‌ಟಾಪ್ ಇಟ್ಟು ಒಂದು ತಾಸು ಟೈಪ್ ಮಾಡಿದರೆ ಸೊಂಟ ಹಿಡಿಯುತ್ತದೆ. ಗೋಡೆಗೋ ಕಿಟಕಿಗೋ ಹೊಂದಿಸಿದ ಉದ್ದ ಮೇಜು, ಅದರ ಮುಂದೆ ಬೆನ್ನಿರುವ ಕುರ್ಚಿ ಕಂಡರೆ ಒಳ್ಳೆಯದು. ಬಾರ್ ಸ್ಟೂಲ್ ಆದರೆ ನಲವತ್ತು ನಿಮಿಷಕ್ಕೆ ಸಾಕು.

ರಿವ್ಯೂಗಳಲ್ಲಿ ವೈಫೈ, ಚಾರ್ಜಿಂಗ್, ಕ್ಯೂ ಅನ್ನುವ ಪದ ಹುಡುಕಿ ಓದಿ. ಬಿರಿಯಾನಿ ತಣ್ಣಗಿತ್ತು ಅಂತ ಒಂದು ಸ್ಟಾರ್ ಕೊಟ್ಟದ್ದು ನಿಮಗೆ ಸಂಬಂಧವಿಲ್ಲ. "ಕೂರಲು ಜಾಗವೇ ಇರಲಿಲ್ಲ" ಅಂತ ಬರೆದಿದ್ದರೆ ಎಷ್ಟು ಹೊತ್ತಿಗೆ ಅಂತ ಗಮನಿಸಿ. ನಮ್ಮ ದೇಶದ ನಿಲ್ದಾಣಗಳಲ್ಲಿ ಬೆಳಗಿನ ಮತ್ತು ಸಂಜೆಯ ಹೊತ್ತು ಗದ್ದಲ ಜಾಸ್ತಿ. ದುಬೈ, ದೋಹಾದಲ್ಲಿ ನಡುರಾತ್ರಿಯೇ ಜಾತ್ರೆ. ಸಂಪರ್ಕ ವಿಮಾನಗಳು ಆಗಲೇ ಗುಂಪಾಗಿ ಬಂದು ಹೋಗುತ್ತವೆ.

ಆರನೆಯದು: ಒಳಗೆ ಹೋದ ಮೇಲೆ ಕೂರುವ ಜಾಗ

ಕೆಲಸ ಆಗುವುದೂ ಕೆಡುವುದೂ ಇಲ್ಲಿಯೇ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಕಾರ್ಡ್ ಕೊಡುವ ಮೊದಲೇ ರಿಸೆಪ್ಶನ್‌ನಲ್ಲಿ ಕೇಳಿ: "ಕಾಲ್ ಮಾತಾಡೋಕೆ ಬೇರೆ ಜಾಗ ಇದೆಯಾ? ಪ್ಲಗ್ ಇರೋ ಮೇಜು ಖಾಲಿ ಇದೆಯಾ?" ನಗುತ್ತ ಕೇಳಿದರೆ ಹೆಚ್ಚಿನವರು ನಿಜ ಹೇಳುತ್ತಾರೆ. ಕೆಲವರು ಎದ್ದು ಬಂದು ತೋರಿಸುತ್ತಾರೆ. ಒಳಗೆ ಹೋದ ಮೇಲೆ ಮೊದಲು ಕಂಡ ಕುರ್ಚಿಯಲ್ಲಿ ಕೂರಬೇಡಿ. ಒಂದು ಸುತ್ತು ಹಾಕಿ.

ಒಮ್ಮೆ ನಾನು ಸುತ್ತು ಹಾಕದೆ ಕೂತೆ. ಮೇಜು ಚೆನ್ನಾಗಿತ್ತು, ಪ್ಲಗ್ ಇತ್ತು, ಅಕ್ಕಪಕ್ಕ ಯಾರೂ ಇರಲಿಲ್ಲ. ಕಾಲ್ ಶುರುವಾಗಿ ಎರಡು ನಿಮಿಷಕ್ಕೆ ಬೆನ್ನ ಹಿಂದೆ ಕಾಫಿ ಮಷಿನ್ ಬೀಜ ಪುಡಿ ಮಾಡತೊಡಗಿತು. ಅರ್ಧ ನಿಮಿಷ ಗರ್ರ್ ಅಂತ ಸದ್ದು, ಮತ್ತೆ ಹಾಲು ನೊರೆ ಮಾಡುವ ಸೀಟಿ. ಒಬ್ಬರು ಹೋದರೆ ಇನ್ನೊಬ್ಬರು. ಆ ಕಡೆಯವರು ಮೂರು ಸಲ "ಮತ್ತೊಮ್ಮೆ ಹೇಳಿ" ಅಂದರು. ಆ ಜಾಗ ಯಾಕೆ ಖಾಲಿ ಇತ್ತು ಅಂತ ಆಗ ಅರ್ಥವಾಯಿತು. ಈಗ ಮೊದಲು ಕಾಫಿ ಮಷಿನ್ ಎಲ್ಲಿದೆ ಅಂತ ನೋಡುತ್ತೇನೆ, ಅದರಿಂದ ದೂರ ಹೋಗುತ್ತೇನೆ. ಊಟದ ಸಾಲು, ತಟ್ಟೆ ಹಾಕುವ ಜಾಗ, ಟಿವಿ, ಶೌಚಾಲಯದ ಬಾಗಿಲು, ಇವುಗಳಿಂದಲೂ ದೂರ.

ಎಸಿ ಗಾಳಿ ನೇರ ತಲೆಗೆ ಬಡಿಯುವ ಜಾಗ ಬೇಡ. ನಮ್ಮ ಕರಾವಳಿಯ ಸೆಕೆಯಿಂದ ಹೋದವರಿಗೆ ಮೊದಲ ಹತ್ತು ನಿಮಿಷ ಹಾಯೆನಿಸುತ್ತದೆ, ಆಮೇಲೆ ಬೆರಳು ಮರಗಟ್ಟುತ್ತದೆ. ತೆಳ್ಳನೆಯ ಶಾಲು ಬ್ಯಾಗಿನಲ್ಲಿರಲಿ. ಬೆನ್ನಿಗೆ ಗೋಡೆ ಇರುವ ಜಾಗ ಸಿಕ್ಕಿದರೆ ಬಿಡಬೇಡಿ. ಕಂಪನಿಯ ಕಾಗದಪತ್ರ ತೆರೆದು ಕೂತಾಗ ಹಿಂದಿನಿಂದ ಯಾರೂ ಓದುವ ಹಾಗಿರಬಾರದು.

ಕೂರುವ ಮೊದಲು ಪ್ಲಗ್ ಪರೀಕ್ಷೆ ಮಾಡಿ. ದಿನಕ್ಕೆ ನೂರಾರು ಜನ ಚುಚ್ಚಿ ಎಳೆಯುವ ಸಾಕೆಟ್ ಸಡಿಲವಾಗಿರುತ್ತದೆ. ಲ್ಯಾಪ್‌ಟಾಪ್ ಚಾರ್ಜರಿನ ಭಾರಕ್ಕೆ ಪಿನ್ ಮೆಲ್ಲಗೆ ಹೊರಗೆ ಜಾರುತ್ತದೆ. ಮೇಲಿನಿಂದ ನೋಡಿದರೆ ಸರಿ ಇದ್ದಂತೆಯೇ ಕಾಣುತ್ತದೆ, ಒಂದು ತಾಸಿನ ನಂತರ ಬ್ಯಾಟರಿ ಶೇಕಡಾ 20 ಆಗಿರುತ್ತದೆ. ಪರದೆಯಲ್ಲಿ ಚಾರ್ಜಿಂಗ್ ಗುರುತು ಬಂತಾ ನೋಡಿ, ವೈರ್ ಒಮ್ಮೆ ಅಲ್ಲಾಡಿಸಿ, ಗುರುತು ಹೋಗದಿದ್ದರೆ ಕೂರಿ. ನಾನು ಒಂದು ಮೀಟರ್ ಉದ್ದದ ಸಣ್ಣ ಎಕ್ಸ್‌ಟೆನ್ಶನ್ ಒಯ್ಯುತ್ತೇನೆ. ಅದರ ಹಗುರ ಪಿನ್ ಸಾಕೆಟ್‌ನಲ್ಲಿ ನಿಲ್ಲುತ್ತದೆ, ಚಾರ್ಜರಿನ ಭಾರ ನೆಲದ ಮೇಲಿರುತ್ತದೆ. ಪಕ್ಕದವರಿಗೂ ಒಂದು ಪ್ಲಗ್ ಕೊಟ್ಟ ಹಾಗಾಗುತ್ತದೆ.

ದುಬೈ, ದೋಹಾ, ಸಿಂಗಪುರದಲ್ಲಿ ಚಪ್ಪಟೆ ಮೂರು ಪಿನ್ನಿನ ಸಾಕೆಟ್. ನಮ್ಮ ಗುಂಡು ಪಿನ್ ಹೋಗುವುದಿಲ್ಲ, ಅಡಾಪ್ಟರ್ ಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್‌ಇನ್ ಸಾಮಾನಿಗೆ ಹಾಕುವಂತಿಲ್ಲ. 100 ವ್ಯಾಟ್-ಅವರ್ (ಬ್ಯಾಟರಿಯಲ್ಲಿ ತುಂಬುವ ಶಕ್ತಿಯ ಅಳತೆ) ಒಳಗಿನದಕ್ಕೆ ಅನುಮತಿ ಬೇಡ. 20,000 ಎಂಎಎಚ್‌ನದ್ದು ಸುಮಾರು 74 ವ್ಯಾಟ್-ಅವರ್ ಆಗುತ್ತದೆ. ದುಬೈಯ ಎಮಿರೇಟ್ಸ್ ವಿಮಾನ ಸಂಸ್ಥೆ 2025ರ ಅಕ್ಟೋಬರ್ 1ರಿಂದ ವಿಮಾನದೊಳಗೆ ಪವರ್ ಬ್ಯಾಂಕ್ ಬಳಸುವುದನ್ನೇ ನಿಷೇಧಿಸಿದೆ. ಹಾಗಾಗಿ ಲಾಂಜಿನಲ್ಲೇ ಎಲ್ಲ ಪೂರ್ತಿ ಚಾರ್ಜ್ ಆಗಬೇಕು.

ಏಳನೆಯದು: ನೆಟ್ ಪರೀಕ್ಷೆ

ಮಳೆಗಾಲದಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ ಊರಿನವರು ನಾವು. ಎರಡು ಕಡ್ಡಿ ಬರುವ ಜಾಗ ಹಿತ್ತಲಿನ ಯಾವ ಮೂಲೆ ಅಂತ ಮನೆಮಂದಿಗೆಲ್ಲ ಗೊತ್ತಿರುತ್ತದೆ. ಲಾಂಜಿನಲ್ಲೂ ಅದೇ ಅಭ್ಯಾಸ ಇರಲಿ.

ವೈಫೈ ಸೇರಿದ ಕೂಡಲೇ ಸ್ಪೀಡ್ ಟೆಸ್ಟ್ ಮಾಡಿ. ಎಲ್ಲರೂ ಡೌನ್‌ಲೋಡ್ ನೋಡುತ್ತಾರೆ, ನೀವು ಅಪ್‌ಲೋಡ್ ನೋಡಿ. ನಿಮ್ಮ ಮುಖ, ನಿಮ್ಮ ದನಿ ಆ ಕಡೆ ಹೋಗುವುದು ಅದರಲ್ಲಿ. ಸಾಧಾರಣ ವಿಡಿಯೋ ಕಾಲ್‌ಗೆ ಒಂದೂವರೆ ಎಂಬಿಪಿಎಸ್ ಅಪ್‌ಲೋಡ್ ಸಾಕಾಗುತ್ತದೆ, ಮೂರು ಇದ್ದರೆ ಆರಾಮ. ಒಂದು ಸಲ ಅಳೆದು ಬಿಡಬೇಡಿ. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಜನ ತುಂಬಿದಂತೆ ಅದು ಬೀಳುತ್ತದೆ.

ನಮ್ಮ ನಿಲ್ದಾಣಗಳ ಉಚಿತ ವೈಫೈಗೆ ಸಾಮಾನ್ಯವಾಗಿ ಮೊಬೈಲ್‌ಗೆ ಒಟಿಪಿ ಬರಬೇಕು. ವಿದೇಶದ ಸಿಮ್ ಇರುವವರಿಗೆ ಇದೇ ತೊಡಕು. ಲಾಂಜಿನಲ್ಲಿ ಪಾಸ್‌ವರ್ಡ್ ಬರೆದ ಚೀಟಿ ಕೊಡುತ್ತಾರಾ ಕೇಳಿ. ಕಚೇರಿಯ ವಿಪಿಎನ್ ಹಾಕಿದ ಮೇಲೂ ನೆಟ್ ಓಡುತ್ತಾ ನೋಡಿ, ಕೆಲವು ಕಡೆ ತಡೆಯುತ್ತಾರೆ. ವೈಫೈ ಕೈಕೊಟ್ಟರೆ ಫೋನಿನ ಹಾಟ್‌ಸ್ಪಾಟ್ ಇರಲಿ. ಅದಕ್ಕೆ ಕಿಟಕಿಯ ಬದಿ ಒಳ್ಳೆಯದು.

ಯುಎಇಯಲ್ಲಿ ವಾಟ್ಸ್‌ಆ್ಯಪ್ ಕಾಲ್ ಹೋಗುವುದಿಲ್ಲ. ದುಬೈ ಲೇಓವರ್‌ನಲ್ಲಿ ಯಾರಿಗಾದರೂ "ವಾಟ್ಸ್‌ಆ್ಯಪ್‌ನಲ್ಲಿ ಮಾತಾಡ್ತೇನೆ" ಅಂತ ಮಾತು ಕೊಟ್ಟಿದ್ದರೆ ಜೂಮ್‌ಗೋ ಟೀಮ್ಸ್‌ಗೋ ಬದಲಿಸಿಕೊಳ್ಳಿ.

ಬೇಕಾದ ಫೈಲ್‌ಗಳನ್ನೆಲ್ಲ ಹಿಂದಿನ ರಾತ್ರಿ ಮನೆಯಲ್ಲೇ ಇಳಿಸಿಕೊಳ್ಳಿ. ಲಾಂಜಿನ ನೆಟ್ ಕಳಿಸುವುದಕ್ಕಷ್ಟೇ ಇರಲಿ.

ಕಾಲ್ ಇದ್ದರೆ

ಮೈಕ್ ಬಾಯಿ ಹತ್ತಿರ ಬರುವ ವೈರ್ ಇಯರ್‌ಫೋನ್ ಒಯ್ಯಿರಿ. ಸ್ಪೀಕರ್‌ನಲ್ಲಿ ಮಾತಾಡಬೇಡಿ, ಪಕ್ಕದಲ್ಲಿ ರಾತ್ರಿಯಿಡೀ ನಿದ್ದೆಗೆಟ್ಟವರು ಮಲಗಿರುತ್ತಾರೆ. ಬೇರೆ ಕೋಣೆ ಇಲ್ಲದಿದ್ದರೆ ಕಾಲ್ ಅಷ್ಟೂ ಹೊತ್ತು ಲಾಂಜಿನ ಹೊರಗೆ, ಖಾಲಿ ಗೇಟಿನ ಹತ್ತಿರ ಮಾಡುವುದು ಒಳ್ಳೆಯದು. ಅಕ್ಕನ ಮಗಳಿಗೂ ಅದನ್ನೇ ಹೇಳಿದೆ: ಇಂಟರ್‌ವ್ಯೂಗೆ ಮುಂಚೆ ಲಾಂಜಿನಲ್ಲಿ ತಿಂದು, ಚಾರ್ಜ್ ಮಾಡಿ, ಓದಿಕೋ. ಇಂಟರ್‌ವ್ಯೂ ಮಾತ್ರ ಸಾಲಿನ ಕೊನೆಯ ಗೇಟಿನಲ್ಲಿ, ಆಗಷ್ಟೇ ವಿಮಾನ ಹೋದ ಕಡೆ, ಗೋಡೆಗೆ ಬೆನ್ನು ಕೊಟ್ಟು ಕೂತು ಮಾಡು. ಮುಂದಿನ ವಿಮಾನದ ಜನ ಬರುವವರೆಗೆ ಅಲ್ಲಿ ಒಂದು ನರಪಿಳ್ಳೆ ಇರುವುದಿಲ್ಲ. ಅವಳು ಹಾಗೇ ಮಾಡಿದಳು. ಹಿಂದೆ ಬರೀ ಬಿಳಿ ಗೋಡೆ ಕಾಣುತ್ತಿತ್ತಂತೆ.

ದೋಹಾದ ಹಮದ್ ನಿಲ್ದಾಣದಲ್ಲಿ ಎಲ್ಲರಿಗೂ ಉಚಿತವಾದ ಕ್ವೈಟ್ ರೂಮ್‌ಗಳಿವೆ. ಮಲಗಿ ಸುಧಾರಿಸಿಕೊಳ್ಳಲು ಅದು ಸಾಕು, ಅದಕ್ಕಾಗಿ ಲಾಂಜಿಗೆ ದುಡ್ಡು ಹಾಕಬೇಡಿ.

ಈಗ ಹೆಚ್ಚಿನ ದೊಡ್ಡ ನಿಲ್ದಾಣಗಳಲ್ಲಿ ಬೋರ್ಡಿಂಗ್ ಅನೌನ್ಸ್‌ಮೆಂಟ್ ಮಾಡುವುದಿಲ್ಲ. ಕಿವಿಗೆ ಇಯರ್‌ಫೋನ್ ಹಾಕಿ ಕೆಲಸದಲ್ಲಿ ಮುಳುಗಿದವರನ್ನು ಯಾರೂ ಬಂದು ಎಬ್ಬಿಸುವುದಿಲ್ಲ. ಕೂತ ಕೂಡಲೇ ಎರಡು ಅಲಾರಂ ಇಡಿ: ಏಳುವ ಹೊತ್ತಿಗೆ ಒಂದು, ಅದಕ್ಕೆ ಇಪ್ಪತ್ತು ನಿಮಿಷ ಮೊದಲು ಒಂದು. ಮೊದಲನೆಯದು ಹೊಡೆದಾಗ ಗೇಟ್ ಬದಲಾಗಿದೆಯಾ ಅಂತ ಬೋರ್ಡ್ ನೋಡಿ ಬನ್ನಿ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಲಸ ಇದ್ದರೆ ಮೊಸರನ್ನ, ಹಣ್ಣು ಸಾಕು. ಪೂರಿ, ಬಿರಿಯಾನಿ ತಿಂದು ಆ ಮೆತ್ತನೆ ಕುರ್ಚಿಯಲ್ಲಿ ಕೂತರೆ ಕಣ್ಣು ತಾನೇ ಮುಚ್ಚುತ್ತದೆ. ಬೆಳಗ್ಗೆ ನಾಲ್ಕಕ್ಕೆ ಎದ್ದವರಲ್ವಾ ನಾವು.

ಏಳುವ ಮೊದಲು

ವಾಪಸ್ ಬರುವ ಪ್ರಯಾಣದಲ್ಲಿ ಇದು ತುಂಬ ಮುಖ್ಯ. ಹುಬ್ಬಳ್ಳಿಯಲ್ಲಿ ಇಳಿದು ಕಾರು ಹತ್ತಿದ ಮೇಲೆ, ಮುಂಡಗೋಡ ದಾಟಿ ಕಾಡು ಶುರುವಾದರೆ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಕುಮಟಾದಿಂದ ದೇವಿಮನೆ ಘಟ್ಟ ಹತ್ತುವವರಿಗೂ ಅದೇ ಪಾಡು. ದಾರಿಯಲ್ಲಿ ಕಳಿಸಿದರಾಯಿತು ಅಂತ ಬಿಟ್ಟ ಫೈಲ್ ಮನೆ ಮುಟ್ಟುವವರೆಗೆ ಹೋಗುವುದಿಲ್ಲ. ಮನೆಯಲ್ಲಿ ಕರೆಂಟ್ ಇಲ್ಲದಿದ್ದರೆ ಮರುದಿನವೇ. ಅದಕ್ಕೆ ಲಾಂಜಿನಿಂದ ಏಳುವ ಐದು ನಿಮಿಷ ಮೊದಲು ಮೇಲ್‌ನ ಔಟ್‌ಬಾಕ್ಸ್ ತೆರೆದು ನೋಡಿ. ಅದು ಖಾಲಿ ಆಗಿರಬೇಕು. ಡ್ರೈವ್‌ನಲ್ಲಿ ಅಪ್‌ಲೋಡ್ ಮುಗಿದಿದೆಯಾ ನೋಡಿ. ಆಮೇಲೆ ಗೋಡೆಯಲ್ಲಿರುವ ಚಾರ್ಜರ್ ಮತ್ತು ಎಕ್ಸ್‌ಟೆನ್ಶನ್ ಎರಡನ್ನೂ ಕಿತ್ತು ಬ್ಯಾಗಿಗೆ ಹಾಕಿ, ಮೇಜಿನ ಕೆಳಗೆ ಒಮ್ಮೆ ಬಗ್ಗಿ ನೋಡಿ ಹೊರಡಿ.